ಖಾಲಿ ಕಣಿವೆಯನ್ನು ಹೊಗಳುವವರಿಗೆ

ಪ್ರವಾಸ ಹೋಗಿ ಬಂದವರು ತಾವು ಕಂಡದ್ದನ್ನು ಹೊಗಳುವುದು ಸಹಜ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೊಗಳಿಕೆಯಲ್ಲಿಯೂ ಒಂದು ಬಗೆಯ ಸುಳ್ಳು ಹುದುಗಿರಬಹುದು. ಅದು ಸುಳ್ಳೆಂಬುದು ಹೇಳುವವನಿಗೇ ತಿಳಿದಿರುವುದಿಲ್ಲ. ಸ್ಕಾಟ್‌ಲೆಂಡಿನ ಉತ್ತರದ ಅಂಚಿನಲ್ಲಿರುವ ಸದರ್ಲೆಂಡ್ ಸೀಮೆಯನ್ನು ಕುರಿತು ನಮ್ಮವರು ಆಡುವ ಮಾತು ಈ ಜಾತಿಗೆ ಸೇರಿದ್ದು. ಮೈಲಿಗಟ್ಟಲೆ ಹೋದರೂ ಒಂದು ನರಪಿಳ್ಳೆ ಕಾಣುವುದಿಲ್ಲ, ಬೆಟ್ಟ, ಹೊಳೆ, ಕುರಿ, ಮೋಡ ಇಷ್ಟೇ, ಮನುಷ್ಯನ ಕೈ ಸೋಕದ ಶುದ್ಧ ಪ್ರಕೃತಿ ಎಂದು ಅವರು ಕಣ್ಣರಳಿಸಿ ಹೇಳುತ್ತಾರೆ. ಇನ್ವರ್ನೆಸ್ಸಿನಿಂದ ಹೊರಟು ಉತ್ತರ ಕರಾವಳಿಯನ್ನು ಬಳಸಿ ಬರುವ ಸುಮಾರು ಐನೂರು ಮೈಲಿಯ ರಸ್ತೆಗೆ 2015ರಲ್ಲಿ ‘ನಾರ್ತ್ ಕೋಸ್ಟ್ 500’ ಎಂಬ ಹೆಸರಿಟ್ಟು ಜಾಹೀರಾತು ಮಾಡಿದ ಮೇಲಂತೂ ಈ ಉದ್ಗಾರ ಇಮ್ಮಡಿಯಾಗಿದೆ. ನಮ್ಮ ಊರುಗಳ ಗದ್ದಲದಲ್ಲಿ ಬೇಸತ್ತವರಿಗೆ ಆ ಮೌನ ಹಿತವಾದೀತು, ಸರಿ. ಆದರೆ ಆ ಮೌನ ಪ್ರಕೃತಿ ಕೊಟ್ಟದ್ದಲ್ಲ. ಅದನ್ನು ಮನುಷ್ಯರು, ತಾರೀಖು ಗೊತ್ತುಮಾಡಿ, ನೋಟೀಸು ಕೊಟ್ಟು, ಲೆಕ್ಕ ಬರೆದಿಟ್ಟು ತಯಾರಿಸಿದರು. ಕೈ ಸೋಕದ ಪ್ರಕೃತಿಯೆಂದು ನಾವು ಕರೆಯುವುದು ಒಬ್ಬ ಜಹಗೀರುದಾರಿಣಿಯ ದಫ್ತರದಲ್ಲಿ ಹುಟ್ಟಿದ ಪ್ರಕೃತಿ.

ಕನ್ನಡ ಪಾಠ ಹೇಳುವ ಮೇಷ್ಟರಿಗೆ ಸ್ಕಾಟ್‌ಲೆಂಡಿನ ಹಳ್ಳಿಗಳ ಉಸಾಬರಿ ಏಕೆ ಎಂದು ಕೇಳುವವರು ಕೇಳಲಿ. ನಾನು ಆ ಕಣಿವೆಯನ್ನು ಕಣ್ಣಾರೆ ಕಂಡವನಲ್ಲ. ಪುಸ್ತಕ, ವರದಿ, ನಕ್ಷೆಗಳ ಮೂಲಕ ಬಲ್ಲವನು. ಆದರೆ ಕಣ್ಣಾರೆ ಕಂಡವರು ಅಲ್ಲಿ ಏನನ್ನೂ ಕಾಣದೆ ಬಂದಿರುವಾಗ, ಓದಿ ತಿಳಿದವನು ಎರಡು ಮಾತು ಹೇಳುವುದು ಅಧಿಕಪ್ರಸಂಗವಾಗಲಾರದು. ಅದೂ ಅಲ್ಲದೆ ಈ ಜಗಳ ಬರಿಯ ಬೆಟ್ಟಗುಡ್ಡದ ಜಗಳವಲ್ಲ. ಒಂದು ಸೀಮೆಯ ಚರಿತ್ರೆಯನ್ನು ಯಾರ ಬಾಯಿಂದ ಕೇಳಬೇಕು, ಕಾಗದ ಇಟ್ಟುಕೊಂಡವನ ಬಾಯಿಂದಲೋ ಮನೆ ಕಳೆದುಕೊಂಡವನ ಬಾಯಿಂದಲೋ ಎಂಬ ಜಗಳ. ಭಾಷೆ ಕಲಿಸುವವನಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ.

ಮೊದಲು ಹೆಸರಿನಿಂದಲೇ ಹಿಡಿಯೋಣ. ಬ್ರಿಟನ್ನಿನ ಮುಖ್ಯ ಭೂಭಾಗದ ಉತ್ತರದ ಕೊನೆಯಲ್ಲಿರುವ ಈ ಸೀಮೆಗೆ ‘ದಕ್ಷಿಣದ ನಾಡು’ ಎಂಬರ್ಥದ ಹೆಸರು! ಇದು ಯಾರದೋ ಕೈತಪ್ಪಲ್ಲ. ಹೆಸರಿಟ್ಟವರು ಇನ್ನೂ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ನೆಲಸಿದ್ದ ನಾರ್ವೆಯ ಕಡಲಿಗರು. ಅವರಿಗೆ ಇದು ದಕ್ಷಿಣ. ಅಲ್ಲಿಯ ಗೇಲಿಕ್ ಮಾತಿನವರು ಅದೇ ನೆಲವನ್ನು ‘ಕಾಟಿವ್’ ಎಂದು ಬೇರೆಯಾಗಿಯೇ ಕರೆದರು. ಹೀಗೆ ಹೆಸರೊಂದರಲ್ಲೇ, ನೋಡುವವನು ಎಲ್ಲಿ ನಿಂತಿದ್ದಾನೆ ಎಂಬ ಪ್ರಶ್ನೆ ಅಡಗಿದೆ. ಎರಡು ಸಾವಿರ ಚದರ ಮೈಲಿಗೆ ಮೀರಿದ ಈ ಸೀಮೆಯಲ್ಲಿ ಈಗ ಇರುವ ಜನ 13,000ದ ಆಸುಪಾಸು. ಬೆಂಗಳೂರಿನ ಒಂದು ಬಡಾವಣೆಗೂ ಸಾಲದ ಸಂಖ್ಯೆ. 1801ರ ಮೊದಲ ಜನಗಣತಿಯಲ್ಲಿ ಅಲ್ಲಿ 23,000ಕ್ಕೂ ಹೆಚ್ಚು ಜನ ಇದ್ದರು. ಅವರು ಇದ್ದದ್ದಾದರೂ ಎಲ್ಲಿ? ಇಂದಿನಂತೆ ಕಡಲಂಚಿನಲ್ಲಿ ಅಂಟಿಕೊಂಡಿರಲಿಲ್ಲ. ಒಳನಾಡಿನ ಅಗಲವಾದ ಹೊಳೆಕಣಿವೆಗಳಲ್ಲಿ ಊರು ಕಟ್ಟಿಕೊಂಡಿದ್ದರು. ಅಂಥ ಕಣಿವೆಗೆ ಅಲ್ಲಿ ‘ಸ್ಟ್ರಾತ್’ ಎಂಬ ಹೆಸರು. ಅವುಗಳಲ್ಲಿ ಸ್ಟ್ರಾತ್‌ನೇವರ್ ಮತ್ತು ಕಿಲ್ಡೊನನ್ ಎಂಬೆರಡು ಕಣಿವೆಗಳ ಕತೆಯೇ ನನ್ನ ವಾದಕ್ಕೆ ಸಾಕು.

ಆ ಊರುಗಳು ಸ್ವರ್ಗವಾಗಿದ್ದುವೆಂದು ನಾನು ಹೇಳುವುದಿಲ್ಲ. ಕಲ್ಲು, ಹುಲ್ಲುಹೆಂಟೆಗಳ ಗೋಡೆ, ಮರದ ತೊಲೆಗಳ ಮೇಲೆ ಹುಲ್ಲಿನ ಮಾಡು, ಒಂದೇ ಸೂರಿನ ಒಂದು ತುದಿಯಲ್ಲಿ ಮನೆಮಂದಿ, ಇನ್ನೊಂದು ತುದಿಯಲ್ಲಿ ದನ. ಓಟ್ಸು, ಜವೆಗೋಧಿ, ಆಮೇಲೆ ಆಲೂಗಡ್ಡೆಯ ಬೆಳೆ. ಬೇಸಗೆಯಲ್ಲಿ ದನಗಳನ್ನು ಮೇಲಿನ ಗೋಮಾಳಕ್ಕೆ ಅಟ್ಟಿಕೊಂಡು ಹೋಗಿ ಅಲ್ಲೇ ಗುಡಿಸಲು ಹಾಕಿ ಹಾಲು ಬೆಣ್ಣೆ ಮಾಡುವುದು. ವರ್ಷಕ್ಕೊಮ್ಮೆ ಕಪ್ಪುದನ ಮಾರಿ ಗೇಣಿ ಕಟ್ಟುವುದು. ಬೆಳೆ ಕೆಟ್ಟ ವರ್ಷ ಹಸಿವು. 1782–83ರಂಥ ವರ್ಷಗಳು ಅವರ ನೆನಪಿನಲ್ಲಿ ಭಯಂಕರವಾಗಿ ಉಳಿದಿದ್ದುವು. ಬಡತನ ನಿಜ. ಆದರೆ ಬಡತನವಿದ್ದಲ್ಲಿ ಬಾಳುವೆ ಇರಲಿಲ್ಲವೆಂದು ತಿಳಿಯುವುದು ಪಟ್ಟಣದವರ ಹಳೆಯ ಅಜ್ಞಾನ. ಅದೇ ಸೀಮೆಯಲ್ಲಿ 1714ರಲ್ಲಿ ಹುಟ್ಟಿ 1778ರಲ್ಲಿ ತೀರಿಕೊಂಡ ರಾಬ್ ಡನ್ ಎಂಬ ದನಗಾಹಿ ಅಕ್ಷರ ಬಲ್ಲವನಲ್ಲ. ಆದರೆ ಗೇಲಿಕ್ ಕಾವ್ಯದಲ್ಲಿ ಮೇಲ್ಪಂಕ್ತಿಯ ಕವಿ. ಒಡೆಯನನ್ನೂ ಪಾದ್ರಿಯನ್ನೂ ಜಿಪುಣನನ್ನೂ ಒಂದೇ ಸಮನಾಗಿ ಲೇವಡಿ ಮಾಡಿದವನು. ಅವನ ಪದಗಳು ಜನರ ಬಾಯಲ್ಲಿ ಉಳಿದು, ಬರೆದುಕೊಂಡವರ ದಯದಿಂದ 1829ರಲ್ಲಿ ಅಚ್ಚಾದುವು. ಅಷ್ಟು ಹೊತ್ತಿಗೆ ಆ ಪದಗಳನ್ನು ಹಾಡುತ್ತಿದ್ದ ಒಳನಾಡಿನ ಊರುಗಳೇ ಇರಲಿಲ್ಲ. ಪುಸ್ತಕ ಬಂತು, ಕೇಳುವವರು ಚದರಿಹೋಗಿದ್ದರು.

ಏನಾಯಿತೆಂಬುದನ್ನು ಚುಟುಕಾಗಿ ಹೇಳುತ್ತೇನೆ. ಸೀಮೆಯ ಬಹುಭಾಗ ಎಲಿಜ಼ಬೆತ್ ಎಂಬ ಕೌಂಟೆಸಳ ಪಿತ್ರಾರ್ಜಿತ. ಅವಳ ಗಂಡ ಮಾರ್ಕ್ವಿಸ್ ಆಫ್ ಸ್ಟ್ಯಾಫರ್ಡ್, ಇಂಗ್ಲೆಂಡಿನ ಅತಿ ದೊಡ್ಡ ಸಾಹುಕಾರರಲ್ಲಿ ಒಬ್ಬ. ದಕ್ಷಿಣದಿಂದ ಚೆವಿಯಟ್ ತಳಿಯ ಕುರಿಗಳನ್ನು ತಂದು ಮೇಯಿಸುವ ದೊಡ್ಡ ಗುತ್ತಿಗೆದಾರರು ಒಕ್ಕಲುಗಳಿಗಿಂತ ಎಷ್ಟೋ ಪಾಲು ಹೆಚ್ಚು ಗೇಣಿ ಕೊಡಲು ಸಿದ್ಧರಿದ್ದರು. ಕುರಿಗೆ ಚಳಿಗಾಲದಲ್ಲಿ ತಗ್ಗಿನ ಹುಲ್ಲು ಬೇಕು, ತಗ್ಗಿನಲ್ಲಿ ಊರುಗಳಿದ್ದುವು. ಆದ್ದರಿಂದ ಊರುಗಳು ಏಳಬೇಕಾಯಿತು. 1807ರಲ್ಲಿ ಮೊದಲಾಯಿತು. 1813ರಲ್ಲಿ ಕಿಲ್ಡೊನನ್ನಿನ ಜನ ತಿರುಗಿಬಿದ್ದಾಗ ಸೈನ್ಯವನ್ನು ಕರೆಸಲಾಯಿತು. ಅಲ್ಲಿಂದ ಸುಮಾರು ನೂರು ಮಂದಿ ಹಡಗು ಹತ್ತಿ ಕೆನಡದ ರೆಡ್ ರಿವರಿನ ದಾರಿ ಹಿಡಿದರು. ಇಂದು ವಿನಿಪೆಗ್ ನಗರದಲ್ಲಿ ಕಿಲ್ಡೊನನ್ ಎಂಬ ಹೆಸರಿದೆ. ಕಿಲ್ಡೊನನ್ನಿನ ಊರುಗಳು ಮಾತ್ರ ಇಲ್ಲ. 1814ರಲ್ಲಿ ಸ್ಟ್ರಾತ್‌ನೇವರಿನ ಸರದಿ. ಎಸ್ಟೇಟಿನ ಪಾರುಪತ್ಯಗಾರನಾಗಿದ್ದ ಪ್ಯಾಟ್ರಿಕ್ ಸೆಲ್ಲರ್ ಎಂಬ ವಕೀಲ ಅಲ್ಲಿ ಒಕ್ಕಲೆಬ್ಬಿಸಲು ಹೋದ. ಖಾಲಿಯಾದ ನೆಲವನ್ನು ಕುರಿಗಾಗಿ ಗುತ್ತಿಗೆ ಹಿಡಿದವನೂ ಅವನೇ. ಮರ ದುರ್ಲಭವಾದ ಆ ನಾಡಿನಲ್ಲಿ ಮಾಡಿನ ತೊಲೆಯೇ ಒಕ್ಕಲಿನ ಆಸ್ತಿ. ಜನ ಹಿಂದಿರುಗಿ ಬಂದು ಮತ್ತೆ ಸೂರು ಎಬ್ಬಿಸದಂತೆ ಆ ತೊಲೆಗಳಿಗೆ ಬೆಂಕಿ ಇಡಲಾಯಿತು. ಆ ಸಂದರ್ಭದಲ್ಲಿ ಹಾಸಿಗೆ ಹಿಡಿದಿದ್ದ ಮಾರ್ಗರೆಟ್ ಮೆಕೈ ಎಂಬ ಮುದುಕಿಯ ಸಾವಿಗೆ ಕಾರಣನೆಂದು ಸೆಲ್ಲರನ ಮೇಲೆ 1816ರಲ್ಲಿ ಇನ್ವರ್ನೆಸ್ಸಿನಲ್ಲಿ ಮೊಕದ್ದಮೆ ನಡೆಯಿತು. ಹದಿನೈದು ಜನರ ಪಂಚಾಯ್ತರಲ್ಲಿ ಹೆಚ್ಚಿನವರು ಆಸ್ತಿವಂತರು. ಸೆಲ್ಲರ್ ನಿರ್ದೋಷಿಯಾದ. ಅವನನ್ನು ಹಿಡಿದು ವಿಚಾರಣೆಗೆ ಗುರಿಮಾಡಿದ್ದ ರಾಬರ್ಟ್ ಮೆಕಿಡ್ ಎಂಬ ಅಧಿಕಾರಿ ಕೆಲಸ ಕಳೆದುಕೊಂಡ. 1819ರಲ್ಲಿ ಸ್ಟ್ರಾತ್‌ನೇವರಿನಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಅದೇ ಕೆಲಸ ನಡೆಯಿತು. ನ್ಯಾಯಾಲಯದ ತೀರ್ಪು ಒಬ್ಬ ಮನುಷ್ಯನನ್ನು ಕುರಿತದ್ದು. ಆದರೆ ಅದರ ಪಾಠವನ್ನು ಇಡೀ ಸೀಮೆ ಓದಿಕೊಂಡಿತು.

ಇದಕ್ಕೆ ಪ್ರತಿಯಾಗಿ ಬರುವ ಮೊದಲನೆಯ ವಾದ ‘ಸುಧಾರಣೆ’. ಎಸ್ಟೇಟಿನ ಮುಖ್ಯ ಕಾರ್ಯಭಾರಿಯಾದ ಜೇಮ್ಸ್ ಲಾಕ್ 1820ರಲ್ಲಿ ಒಂದು ದಪ್ಪ ಪುಸ್ತಕ ಬರೆದು, ಇದೆಲ್ಲ ಸುಧಾರಣೆಯೆಂದು ಸಾಧಿಸಿದ. ರಸ್ತೆಗಳಾದುವು, ಸೇತುವೆಗಳಾದುವು, ಹೆಲ್ಮ್ಸ್‌ಡೇಲಿನಲ್ಲಿ ಹೆರಿಂಗ್ ಮೀನಿನ ಬಂದರಾಯಿತು; ಮಾರ್ಕ್ವಿಸನು ತನ್ನ ಇಂಗ್ಲೆಂಡಿನ ಹಣವನ್ನು ಇಲ್ಲಿ ಸುರಿದ. ಇವು ನಿಜ, ನಾನು ಅಲ್ಲಗಳೆಯುವುದಿಲ್ಲ. ಇಂದಿಗೂ ಈ ಪಕ್ಷದವರು ಎಸೆಯುವ ಬ್ರಹ್ಮಾಸ್ತ್ರ ಒಂದಿದೆ: ಜನಗಣತಿಯನ್ನು ನೋಡಿ, ಆ ವರ್ಷಗಳಲ್ಲಿ ಸೀಮೆಯ ಜನಸಂಖ್ಯೆ ಇಳಿಯಲೇ ಇಲ್ಲ, 1811ರಲ್ಲಿಯೂ 23,000 ಚಿಲ್ಲರೆ, 1821ರಲ್ಲಿಯೂ 23,000 ಚಿಲ್ಲರೆ, ಹಾಗಾದರೆ ಜನರನ್ನು ಓಡಿಸಿದ್ದೆಲ್ಲಿ?

ಅಂಕಿ ಸುಳ್ಳಲ್ಲ. ಆದರೆ ಅಂಕಿಯನ್ನು ಎಷ್ಟು ದೂರದಿಂದ ನೋಡುತ್ತೇವೆ ಎಂಬುದರ ಮೇಲೆ ಅದರ ಮಾತು ನಿಂತಿದೆ. ಇಡೀ ಸೀಮೆಯನ್ನು ಬಿಟ್ಟು ಕಿಲ್ಡೊನನ್ ಎಂಬ ಒಂದೇ ಪ್ಯಾರಿಷ್ ತೆಗೆದುಕೊಳ್ಳಿ: 1811ರಲ್ಲಿ 1,574 ಜನ, 1831ರಲ್ಲಿ 257. ಉಳಿದವರು ಮಾಯವಾಗಲಿಲ್ಲ, ಕೆಲವರು ಕಡಲಾಚೆ ಹೋದರು, ಹೆಚ್ಚಿನವರನ್ನು ಕಡಲದಂಡೆಗೆ ತಳ್ಳಲಾಯಿತು. ಅಲ್ಲಿ ಅವರಿಗೆ ಕೊಟ್ಟದ್ದು ಕಲ್ಲುನೆಲದ ಸಣ್ಣ ತುಂಡುಗಳು. ತುಂಡು ಸಣ್ಣದಾದದ್ದು ನೆಲದ ಅಭಾವದಿಂದಲ್ಲ. ಅದರಿಂದಲೇ ಹೊಟ್ಟೆ ತುಂಬಿಬಿಟ್ಟರೆ ಇವರು ಮೀನಿಗೆ ಇಳಿಯುವುದಿಲ್ಲ ಎಂಬ ಎಣಿಕೆಯಿಂದ. ಹುಟ್ಟಿದಂದಿನಿಂದ ದನ ಕಾಯ್ದವನನ್ನು ಉತ್ತರ ಸಮುದ್ರದ ತೆರೆಯ ಎದುರಿಗೆ ನಿಲ್ಲಿಸಿ, ದೋಣಿ ಕಟ್ಟಿಕೊ, ಬದುಕಿಕೊ ಎಂದರು. ಜನಗಣತಿಯ ಗುಮಾಸ್ತನಿಗೆ ಅವನು ಅಲ್ಲೂ ಒಂದು ತಲೆ, ಇಲ್ಲೂ ಒಂದು ತಲೆ. ತಲೆಗಳ ಲೆಕ್ಕ ಸರಿಹೋದ ಮಾತ್ರಕ್ಕೆ ಮನೆಗಳ ಲೆಕ್ಕ ಸರಿಹೋಯಿತೇ? ಸುಧಾರಣೆ ಆಯಿತು ಎನ್ನುವವರು ಯಾರಿಗೆ ಆಯಿತು ಎಂಬ ಮಾತನ್ನು ನಾಲಗೆಯ ತುದಿಯಲ್ಲೇ ನುಂಗಿಬಿಡುತ್ತಾರೆ. ಇಂಗ್ಲಿಷಿನಲ್ಲಿ ಈ ಘಟನೆಗೆ ಬಂದ ಹೆಸರು ‘ಕ್ಲಿಯರೆನ್ಸ್’, ಎಂದರೆ ತೆರವು. ಕಳೆ ಕಿತ್ತು ಹೊಲ ಹಸನು ಮಾಡಿದಂತೆ ಕೇಳಿಸುತ್ತದೆ. ಗೇಲಿಕಿನಲ್ಲಿ ಇದನ್ನು ‘ಫುಅದಖ್’ ಎನ್ನುತ್ತಾರೆ. ಅಟ್ಟಿ ಓಡಿಸಿದ್ದು ಎಂದು ಅರ್ಥ. ಒಂದು ಮಾತು ನೆಲವನ್ನು ನೋಡುತ್ತದೆ, ಇನ್ನೊಂದು ಮನುಷ್ಯನನ್ನು ನೋಡುತ್ತದೆ. ನಮ್ಮ ಕನ್ನಡದಲ್ಲಿ ‘ಒಕ್ಕಲೆಬ್ಬಿಸುವುದು’ ಎಂಬ ಮಾತಿದೆ. ಅದರಲ್ಲಿ ಒಕ್ಕಲೂ ಇದ್ದಾನೆ, ಎಬ್ಬಿಸುವವನೂ ಇದ್ದಾನೆ. ಆದ್ದರಿಂದ ನಾನು ಈ ಮಾತನ್ನೇ ಬಳಸುತ್ತೇನೆ.

ಎರಡನೆಯ ವಾದ ಇನ್ನೂ ನಯವಾದದ್ದು, ಪಂಡಿತರ ವಾದ. ಎಸ್ಟೇಟಿನ ಕಡತಗಳು, ಪತ್ರಗಳು, ಲೆಕ್ಕಪುಸ್ತಕಗಳು ರಾಶಿ ರಾಶಿಯಾಗಿ ಉಳಿದಿವೆ. ಒಕ್ಕಲುಗಳ ಕಡೆಯಿಂದ ಉಳಿದದ್ದು ಬಾಯಿಮಾತು, ತಡವಾಗಿ ಬರೆದ ನೆನಪು. ಪ್ರಮಾಣವೆಂದರೆ ಕಾಗದ, ಉಳಿದದ್ದು ಗೋಳು ಎನ್ನುತ್ತಾರೆ. ಅವರ ಮುಖ್ಯ ಗುರಿ ಡೊನಾಲ್ಡ್ ಮೆಕ್ಲೌಡ್ ಎಂಬ ಕಲ್ಲುಕುಟಿಗ. ಸ್ಟ್ರಾತ್‌ನೇವರಿನ ರೊಸಾಲ್ ಎಂಬ ಊರಿನವನು ಈತ. 1840ರ ಹೊತ್ತಿಗೆ ಎಡಿನ್‌ಬರೋದ ಒಂದು ವಾರಪತ್ರಿಕೆಗೆ ಸಾಲಾಗಿ ಕಾಗದ ಬರೆದು, ತಾನು ಕಂಡದ್ದನ್ನು ಹೇಳಿದ. ಒಂದು ರಾತ್ರಿ ಗುಡ್ಡ ಹತ್ತಿ ನೋಡಿದಾಗ ಉರಿಯುತ್ತಿದ್ದ ಇನ್ನೂರೈವತ್ತು ಮನೆಗಳನ್ನು ಎಣಿಸಿದೆನೆಂಬುದು ಅವನ ಹೇಳಿಕೆ. ಸಂಖ್ಯೆ ಹೆಚ್ಚಾಯಿತೆಂದು ಸಂದೇಹಪಟ್ಟ ಚರಿತ್ರಕಾರರಿದ್ದಾರೆ, ಪಡಲಿ. ಮನೆ ಉರಿಯುವುದನ್ನು ನೋಡುವವನು ಗುಮಾಸ್ತನ ನಿಷ್ಠೆಯಿಂದ ಎಣಿಸದೆ ಇರಬಹುದು. ಆದರೆ ಈ ಪಂಡಿತರು ಅದೇ ಸಂದೇಹದ ಮಸೂರವನ್ನು ಲಾಕನ ಪುಸ್ತಕದ ಮೇಲೆ ಅಷ್ಟೇ ಗಟ್ಟಿಯಾಗಿ ಹಿಡಿಯುತ್ತಾರೆಯೇ? ಸಂಬಳ ತೆಗೆದುಕೊಂಡು ಧಣಿಯ ಪರವಾಗಿ ಬರೆದದ್ದು ದಾಖಲೆ. ಮನೆ ಕಳೆದುಕೊಂಡು ತನ್ನ ಪರವಾಗಿ ಬರೆದದ್ದು ಗೋಳು! ಈ ತಕ್ಕಡಿಯ ಮುಳ್ಳು ನೇರವಾಗಿದೆಯೆಂದು ನಾನು ಒಪ್ಪಲಾರೆ. ಕಾಗದ ಉಳಿಯಬೇಕಾದರೆ ಬೀರು ಬೇಕು, ಬೀರು ಉಳಿಯಬೇಕಾದರೆ ಮನೆ ಬೇಕು. ಮನೆ ಸುಟ್ಟವನು ಮನೆ ಇಲ್ಲದವನನ್ನು ನಿನ್ನ ಕಾಗದ ತೋರಿಸು ಎಂದು ಕೇಳುವುದು ಯಾವ ನ್ಯಾಯ?

ಬಾಯಿಮಾತು ಕಾಗದವಾದ ಪ್ರಸಂಗವೂ ಇಲ್ಲಿ ಇದೆ. ಹೈಲೆಂಡಿನ ಸಣ್ಣ ಒಕ್ಕಲುಗಳ ಅಹವಾಲು ಕೇಳಲು 1883ರಲ್ಲಿ ಸರಕಾರ ಒಂದು ಆಯೋಗ ನೇಮಿಸಿತು. ಅದರ ಅಧ್ಯಕ್ಷ ಲಾರ್ಡ್ ನೇಪಿಯರ್; 1866ರಿಂದ 1872ರವರೆಗೆ ಮದರಾಸಿನ ಗವರ್ನರಾಗಿದ್ದವನು. ಅಂದರೆ ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳ ರೈತನೂ ಅವನ ಆಡಳಿತದ ಕೆಳಗೆ ಇದ್ದವನು. ಆಯೋಗ ಊರಿಂದೂರಿಗೆ ಹೋಗಿ, ಇಗರ್ಜಿಗಳಲ್ಲಿ, ಶಾಲೆಗಳಲ್ಲಿ ಕುಳಿತು, ಗೇಲಿಕಿನಲ್ಲಿ ಆಡಿದ ಮಾತನ್ನು ದುಭಾಷಿಯ ಮೂಲಕ ಕೇಳಿ ಬರೆಯಿಸಿತು. ಸಾಕ್ಷ್ಯಗಳು ಮರುವರ್ಷವೇ ದೊಡ್ಡ ಸಂಪುಟಗಳಾಗಿ ಅಚ್ಚಾದುವು. ಸ್ಟ್ರಾತ್‌ನೇವರಿನ ಜನರನ್ನು ತಳ್ಳಿದ್ದ ಕಡಲಂಚಿನ ಬೆಟ್ಟಿಹಿಲ್ ಎಂಬಲ್ಲಿಯೂ ಆಯೋಗ ಕುಳಿತಿತು. ಎಲಿಜ಼ಬೆತ್ ಕೌಂಟೆಸಳ ಹೆಸರನ್ನೇ ಹೊತ್ತ ಊರು ಅದು! ಹುಡುಗರಾಗಿದ್ದಾಗ ಕಣಿವೆ ಖಾಲಿಯಾದುದನ್ನು ಕಂಡಿದ್ದ ಮುದುಕರು ಅಲ್ಲಿ ಎದ್ದುನಿಂತು ಮಾತಾಡಿದರು. ಅರವತ್ತು ಎಪ್ಪತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ಒಬ್ಬ ಲಾರ್ಡಿನ ಎದುರಿಗೆ, ಇನ್ನೂ ಅದೇ ಎಸ್ಟೇಟಿನ ಒಕ್ಕಲಾಗಿದ್ದುಕೊಂಡು ಹೇಳುವುದು ಸಣ್ಣ ಧೈರ್ಯವಲ್ಲ. ಅದರ ಫಲವಾಗಿ 1886ರ ಕಾಯಿದೆ ಬಂತು. ಗೇಣಿ ಕಟ್ಟುತ್ತಿರುವ ಒಕ್ಕಲನ್ನು ಮನಬಂದಂತೆ ಎಬ್ಬಿಸಬಾರದು, ಗೇಣಿ ನ್ಯಾಯವಾಗಿರಬೇಕು, ಹಿಡುವಳಿ ಮಗನಿಗೆ ದಾಟಬೇಕು ಎಂದಾಯಿತು. ಬಾಯಿಮಾತು ಬರಿಯ ಗೋಳಾಗಿದ್ದರೆ ಅದರಿಂದ ಕಾಯಿದೆ ಹುಟ್ಟುತ್ತಿರಲಿಲ್ಲ. ಆದರೆ ಕಳೆದುಹೋದ ಕಣಿವೆಯನ್ನು ಆ ಕಾಯಿದೆ ಹಿಂದಕ್ಕೆ ಕೊಡಲಿಲ್ಲ ಎಂಬುದನ್ನೂ ಹೇಳಬೇಕು.

ಹೊರಗಿನಿಂದ ಬಂದ ಸಜ್ಜನ ಅತಿಥಿ ಎಷ್ಟು ಕುರುಡಾಗಬಲ್ಲನೆಂಬುದಕ್ಕೂ ಈ ಸೀಮೆಯಲ್ಲಿ ಒಂದು ನಿದರ್ಶನವಿದೆ. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದು ಗುಲಾಮಗಿರಿಯ ವಿರುದ್ಧ ಲೋಕದ ಕಣ್ಣು ತೆರೆಸಿದ ಅಮೆರಿಕದ ಹ್ಯಾರಿಯೆಟ್ ಬೀಚರ್ ಸ್ಟೋವ್, ಬ್ರಿಟನ್ನಿಗೆ ಬಂದಾಗ ಸದರ್ಲೆಂಡಿನ ಡಚೆಸಳ ಆತಿಥ್ಯ ಪಡೆದರು. ಡಚೆಸಳು ಗುಲಾಮಗಿರಿಯ ವಿರೋಧಿ. 1854ರಲ್ಲಿ ಸ್ಟೋವ್ ತಮ್ಮ ಪ್ರವಾಸದ ‘ಬಿಸಿಲಿನ ನೆನಪುಗಳನ್ನು’ ಪ್ರಕಟಿಸಿದಾಗ ಅದರಲ್ಲಿ ಸದರ್ಲೆಂಡಿನ ಸುಧಾರಣೆಯ ಸಮರ್ಥನೆಯೂ ಇತ್ತು. ಆಧಾರ ಲಾಕನ ಕಡೆಯ ಕಾಗದಗಳು. ಆ ಹೊತ್ತಿಗೆ ಕೆನಡಕ್ಕೆ ಹೋಗಿದ್ದ ಡೊನಾಲ್ಡ್ ಮೆಕ್ಲೌಡ್ 1857ರಲ್ಲಿ ತನ್ನ ಪತ್ರಗಳನ್ನು ಸೇರಿಸಿ ಬೆಳೆಸಿ ‘ಕತ್ತಲಿನ ನೆನಪುಗಳು’ ಎಂಬರ್ಥದ ಹೆಸರಿಟ್ಟು ಉತ್ತರ ಕೊಟ್ಟ. ಜಗತ್ಪ್ರಸಿದ್ಧ ಲೇಖಕಿಗೆ ಒಬ್ಬ ಕಲ್ಲುಕುಟಿಗನ ಜವಾಬು! ಸ್ಟೋವ್ ಕೆಟ್ಟವರಲ್ಲ, ಸಾವಿರಾರು ಮೈಲಿ ದೂರದ ಅನ್ಯಾಯಕ್ಕೆ ಕಣ್ಣೀರು ಸುರಿಸಿದವರು. ಆದರೆ ಉಂಡ ಮನೆಯ ಜಂತೆ ಎಣಿಸಬಾರದೆಂಬ ಸಂಕೋಚವೋ ಏನೋ, ಆ ಮನೆಯ ತೊಲೆ ಎಲ್ಲಿಂದ ಬಂತೆಂದು ಕೇಳಲಿಲ್ಲ. ಇಂದಿನ ನಮ್ಮ ಪ್ರವಾಸಿಗಳಿಗೂ ಅವರಿಗೂ ಒಂದೇ ವ್ಯತ್ಯಾಸ: ಅವರಿಗೆ ಅರಮನೆಯ ಊಟ, ನಮಗೆ ಹೋಟೆಲಿನ ಊಟ.

ನಮ್ಮ ನಾಡಿನ ಚರಿತ್ರೆ ಓದಿದವರಿಗೆ ಇಲ್ಲೊಂದು ವಿಚಿತ್ರ ಎದ್ದು ಕಾಣಬೇಕು. ಸದರ್ಲೆಂಡಿನ ಪಶ್ಚಿಮಕ್ಕೆ, ಕಡಲಾಚೆ, ಲೂಯಿಸ್ ದ್ವೀಪವಿದೆ. ಅದೂ ಗೇಲಿಕ್ ನಾಡು. ಅಲ್ಲಿಯ ಸ್ಟಾರ್ನೊವೇ ಪಟ್ಟಣದವನು ಕಾಲಿನ್ ಮೆಕೆಂಜ಼ಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ನೇಮಕವಾಗಿ, ಮುಂದಿನ ಹತ್ತು ವರ್ಷ ಊರೂರಿನ ಶ್ಯಾನುಭೋಗರಿಂದ, ಮಠದವರಿಂದ, ಹಳೆಯ ಪಾಳೆಯಗಾರರ ಮನೆತನದವರಿಂದ ಕೈಫಿಯತ್ತು ಬರೆಯಿಸಿಕೊಂಡ. ಕೆರೆ ಯಾರು ಕಟ್ಟಿಸಿದರು, ದೇವಸ್ಥಾನಕ್ಕೆ ಯಾವ ಉಂಬಳಿ, ಊರಿಗೆ ಈ ಹೆಸರು ಹೇಗೆ ಬಂತು ಎಂದು ಕೇಳಿ ಬರೆದಿಟ್ಟದ್ದು ನಮಗೆ ಇಂದು ದೊಡ್ಡ ಆಸ್ತಿ. ಕೈಫಿಯತ್ತುಗಳಲ್ಲಿ ಪುರಾಣವಿದೆ, ಉತ್ಪ್ರೇಕ್ಷೆಯಿದೆ. ಆದರೂ ನಮ್ಮ ವಿದ್ವಾಂಸರು ಅವನ್ನು ಶೋಧಿಸಿ, ಸಂಪಾದಿಸಿ, ಸ್ಥಳೀಯ ಚರಿತ್ರೆಗೆ ಆಕರವೆಂದು ಗೌರವಿಸಿದ್ದಾರೆ. ಮೆಕೆಂಜ಼ಿ ಇಲ್ಲಿ ಹೀಗೆ ಹಳ್ಳಿಯ ಬಾಯಿಮಾತನ್ನು ಬರೆಯಿಸುತ್ತಿದ್ದ ಆ ದಶಕದಲ್ಲೇ, 1807ರಲ್ಲಿ, ಅವನ ಭಾಷೆಯ ನಾಡಿನಲ್ಲಿ ಹಳ್ಳಿಗಳನ್ನು ಎಬ್ಬಿಸುವ ಕೆಲಸ ಶುರುವಾಯಿತು. ಗೆದ್ದ ನಾಡಿನ ಹಳ್ಳಿಗೆ ಚರಿತ್ರೆಯುಂಟು, ಸ್ವಂತ ನಾಡಿನ ಹಳ್ಳಿಗೆ ಗೇಣಿ ಮಾತ್ರ ಉಂಟು! ಚಿತ್ರದುರ್ಗದ ಕೈಫಿಯತ್ತನ್ನು ಆಕರವೆಂದು ಒಪ್ಪುವ ನಾವು ರೊಸಾಲಿನ ಕಲ್ಲುಕುಟಿಗನ ಮಾತನ್ನು ಗೋಳೆಂದು ತಳ್ಳಿದರೆ ನಮ್ಮ ಶಾಸ್ತ್ರಕ್ಕೇ ಅಪಚಾರ.

ಭಾಷೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. 1963ರಲ್ಲಿ ನ್ಯಾನ್ಸಿ ಡೋರಿಯನ್ ಎಂಬ ಅಮೆರಿಕದ ಭಾಷಾಶಾಸ್ತ್ರಜ್ಞೆ ಪೂರ್ವ ಸದರ್ಲೆಂಡಿಗೆ ಬಂದರು. ಬ್ರೋರಾ, ಗಾಲ್‌ಸ್ಪಿ, ಎಂಬೊ ಎಂಬ ಮೂರು ಕರಾವಳಿ ಊರುಗಳ ಮೀನುಗಾರರ ಮನೆಗಳಲ್ಲಿ ಮಾತ್ರ ಅಲ್ಲಿಯ ಗೇಲಿಕ್ ಉಳಿದಿತ್ತು. ಸುತ್ತಲಿನ ರೈತರು, ಅಂಗಡಿಯವರು ಇಂಗ್ಲಿಷಿಗೆ ತಿರುಗಿದ್ದರೂ ಮೀನುಗಾರರು ತಿರುಗಿರಲಿಲ್ಲ; ಏಕೆಂದರೆ ಅವರನ್ನು ಊರವರು ಕೀಳೆಂದು ದೂರ ಇಟ್ಟಿದ್ದರು. ಬೇರೆ ಕೇರಿ, ಬೇರೆ ನೆಂಟಸ್ತನ, ಮೀನಿನ ವಾಸನೆಯ ಹಂಗಿಸುವಿಕೆ. ಆ ಗೋಡೆಯೊಳಗೆ ಭಾಷೆ ಬದುಕಿತು. ಗೋಡೆ ಬಿದ್ದು ಎಲ್ಲರೊಡನೆ ಬೆರೆಯಲು ದಾರಿಯಾದಾಗ ತಾಯಂದಿರು ಮಕ್ಕಳೊಡನೆ ಇಂಗ್ಲಿಷಾಡತೊಡಗಿದರು. ಡೋರಿಯನ್ನರು 1981ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರೇ ‘ಭಾಷಾಮರಣ’. ಈ ಮೀನುಗಾರರ ಕೇರಿಗಳ ಹಿಂದೆಯೂ ಎಸ್ಟೇಟಿನ ನೀತಿಯೇ ಇದೆಯೆಂಬುದನ್ನು ನೆನೆದರೆ, ಒಕ್ಕಲೆಬ್ಬಿಸಿದ್ದು ಬರಿಯ ಮನೆಗಳನ್ನಲ್ಲ ಎಂಬುದು ತಿಳಿಯುತ್ತದೆ. ಕಣಿವೆಯಲ್ಲಿ ಪ್ರತಿ ದಿಬ್ಬಕ್ಕೂ ತೊರೆಯ ತಿರುವಿಗೂ ಗೇಲಿಕಿನಲ್ಲಿ ಹೆಸರಿತ್ತು. ಹೆಸರು ಕೂಗುವವರು ಹೋದಮೇಲೆ ದಿಬ್ಬ ಬರಿಯ ದಿಬ್ಬವಾಯಿತು. ಅದನ್ನೇ ನಾವು ಶುದ್ಧ ಪ್ರಕೃತಿ ಎನ್ನುತ್ತಿದ್ದೇವೆ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಅಲ್ಲಿಯ ಪ್ರತಿಮೆಯನ್ನು ಒಡೆಯಬೇಕೆ ಎಂದು ಕೇಳುವಿರಿ. ಗಾಲ್‌ಸ್ಪಿಯ ಮೇಲಿನ ಬೆನ್ ಬ್ರಾಗಿ ಬೆಟ್ಟದ ತುದಿಯಲ್ಲಿ, ಮೈಲಿಗಟ್ಟಲೆ ದೂರಕ್ಕೆ ಕಾಣುವಂತೆ, ಕೌಂಟೆಸಳ ಗಂಡನ ದೊಡ್ಡ ಪ್ರತಿಮೆ ನಿಂತಿದೆ. ಸಾಯುವ ವರ್ಷ, 1833ರಲ್ಲಿ, ಅವನು ಡ್ಯೂಕನಾದ. 1837ರಲ್ಲಿ ಪ್ರತಿಮೆ ಎದ್ದಿತು. ಅದರ ಮೇಲಿನ ಬರಹದ ಪ್ರಕಾರ ಕೃತಜ್ಞರಾದ ಒಕ್ಕಲುಗಳೇ ಕಾಣಿಕೆ ಕೊಟ್ಟು ನಿಲ್ಲಿಸಿದ್ದು. ಕಾಣಿಕೆ ಕೊಡದಿದ್ದರೆ ಏನಾಗುತ್ತಿತ್ತೆಂದು ಆ ಒಕ್ಕಲುಗಳಿಗೆ ಚೆನ್ನಾಗಿ ಗೊತ್ತಿತ್ತು! 1994ರಲ್ಲಿ ಅದನ್ನು ತೆಗೆಯಬೇಕೆಂದು ಕೇಳಿಕೆ ಬಂತು, ಚರ್ಚೆ ನಡೆಯಿತು, ಪ್ರತಿಮೆ ಉಳಿಯಿತು. ಉಳಿಯಲಿ ಎಂಬುದೇ ನನ್ನ ಮತ. ಒಡೆದರೆ ಬೆಟ್ಟವೂ ಕಣಿವೆಯಂತೆ ಖಾಲಿಯಾಗುತ್ತದೆ. ಮುಂದಿನ ಪ್ರವಾಸಿ ಅದನ್ನೂ ಪ್ರಕೃತಿ ಎಂದುಬಿಡುತ್ತಾನೆ. ಅಪರಾಧಿಯ ಗುರುತನ್ನು ಅಳಿಸಿದರೆ ಲಾಭ ಅಪರಾಧಿಗೇ. ಆದರೆ ಆ ಒಂದೇ ಬರಹ ಅಲ್ಲಿ ಮಾತಾಡಬಾರದು. ಕಿಲ್ಡೊನನ್ನಿನ ಎರಡು ಅಂಕಿಗಳನ್ನು, 1,574 ಮತ್ತು 257, ಅಷ್ಟೇ ದೊಡ್ಡ ಅಕ್ಷರದಲ್ಲಿ ಅದರ ಪಕ್ಕದಲ್ಲಿ ಕೆತ್ತಬೇಕು. ವ್ಯಾಖ್ಯಾನ ಬೇಡ, ಓದುವವನಿಗೆ ಕಳೆಯುವ ಲೆಕ್ಕ ಬಂದರೆ ಸಾಕು.

ಸ್ಥಳೀಯರು ಕೈಕಟ್ಟಿ ಕುಳಿತಿಲ್ಲ. ಬೆಟ್ಟಿಹಿಲ್ಲಿನ ಹಳೆಯ ಫಾರ್ ಇಗರ್ಜಿಯಲ್ಲಿ ಈಗ ಸ್ಟ್ರಾತ್‌ನೇವರ್ ವಸ್ತುಸಂಗ್ರಹಾಲಯವಿದೆ. ಒಕ್ಕಲೆಬ್ಬಿಸುವ ನೋಟೀಸನ್ನು ಈ ಇಗರ್ಜಿಯ ಪೀಠದಿಂದಲೇ ಓದಿದರೆಂದು ಅಲ್ಲಿಯವರು ಹೇಳುತ್ತಾರೆ. ಮೆಕ್ಲೌಡನ ಊರಾದ ರೊಸಾಲಿನ ಸುತ್ತ ಅರಣ್ಯ ಇಲಾಖೆ ಮರ ನೆಡಲು ಹೊರಟಾಗ, 1962ರಲ್ಲಿ ಹೊರೇಸ್ ಫೇರ್‌ಹರ್ಸ್ಟ್ ಎಂಬ ವಿದ್ವಾಂಸ ಅಲ್ಲಿ ಅಗೆದು ಅಳೆದು ನಕ್ಷೆ ಬರೆದ. ಹನ್ನೆರಡು ಹದಿಮೂರು ಮನೆತನಗಳ ಊರಿನ ಗೋಡೆಯ ಬುಡಗಳು, ಕಣಗಳು, ದನದ ದೊಡ್ಡಿಗಳು, ಸಾಲುಸಾಲಾದ ಹೊಲದ ಏರಿಗಳು ಇಂದು ನಡೆದು ನೋಡಲು ದೊರೆಯುತ್ತವೆ. ಅದಕ್ಕೂ ಮಿಗಿಲಾದದ್ದು 1993ರಲ್ಲಿ ನಡೆಯಿತು. ಸದರ್ಲೆಂಡಿನ ಪಶ್ಚಿಮದ ಅಸ್ಸಿಂಟ್ ಎಂಬಲ್ಲಿ ಸಣ್ಣ ಒಕ್ಕಲುಗಳು ಸೇರಿ ಟ್ರಸ್ಟು ಮಾಡಿಕೊಂಡು, ಚಂದಾ ಎತ್ತಿ, ತಾವಿದ್ದ ಎಸ್ಟೇಟನ್ನೇ ಕೊಂಡುಕೊಂಡರು. ತಮ್ಮ ಹಿರಿಯರಿಗೆ ಏನಾಯಿತೆಂಬ ನೆನಪು ಬರಿಯ ಅಳುವಾಗಿದ್ದರೆ ಅವರು ಇದನ್ನು ಮಾಡುತ್ತಿರಲಿಲ್ಲ. ಊರುಗಳು ತಮ್ಮ ನೆಲವನ್ನು ಕೊಳ್ಳಲು 2003ರ ಭೂಸುಧಾರಣೆಯ ಕಾಯಿದೆ ದಾರಿ ತೆರೆಯಿತು. ಅದಕ್ಕೂ ಇಂಥ ನೆನಪುಗಳ ಬಲವಿತ್ತು.

ಈಗ ನನ್ನ ಆತಂಕದ ಮಾತು. 2024ರಲ್ಲಿ ಯುನೆಸ್ಕೋ ಸದರ್ಲೆಂಡ್, ಕೇತ್ನೆಸ್ ಸೀಮೆಗಳ ‘ಫ್ಲೋ ಕಂಟ್ರಿ’ ಎಂಬ ಜೌಗುನೆಲವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಾವಿರಾರು ವರ್ಷ ಪಾಚಿ ಕೊಳೆತು ಕಟ್ಟಿದ ಪೀಟ್ ಎಂಬ ಕಪ್ಪುನೆಲ. ಅಪಾರವಾದ ಇಂಗಾಲವನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡಿದೆ. 1980ರ ದಶಕದಲ್ಲಿ ತೆರಿಗೆ ಉಳಿಸುವ ಆಸೆಯಿಂದ ದೂರದ ಹಣವಂತರು ಅಲ್ಲಿ ಕಾಲುವೆ ತೋಡಿ ಮರ ನೆಟ್ಟು ಕೆಡಿಸಿದರು. 1988ರಲ್ಲಿ ಆ ರಿಯಾಯಿತಿ ನಿಂತಿತು. ಆದ್ದರಿಂದ ಈ ನೆಲಕ್ಕೆ ರಕ್ಷಣೆ ದೊರೆತದ್ದು ಒಳ್ಳೆಯದು. ಜೌಗಿನ ನಡುವೆ ಯಾರೂ ಊರು ಕಟ್ಟಿರಲಿಲ್ಲ ಎಂಬುದೂ ನಿಜ. ಆದರೆ ಪಟ್ಟಿಗೆ ಸೇರಿದ್ದು ‘ಪ್ರಾಕೃತಿಕ’ ಪರಂಪರೆಯೆಂದು. ಜೌಗಿನ ನಿರ್ಜನತೆಗೂ ಪಕ್ಕದ ಕಣಿವೆಯ ನಿರ್ಜನತೆಗೂ ವ್ಯತ್ಯಾಸವಿದೆ. ಮೊದಲನೆಯದು ನೆಲದ ಗುಣ, ಎರಡನೆಯದು ಧಣಿಯ ನಿರ್ಣಯ. ಮೋಟಾರಿನ ಕಿಟಕಿಯಿಂದ ನೋಡುವವನಿಗೆ ಎರಡೂ ಒಂದೇ. ಈ ಗೊಂದಲ ಬೆಳೆದರೆ ಏನಾದೀತು? ಖಾಲಿಯಾಗಿರುವುದೇ ಈ ನಾಡಿನ ಸ್ವಭಾವ ಎಂದಾಗುತ್ತದೆ. ಆಗ ಅಲ್ಲಿ ಮನೆ ಕಟ್ಟಬೇಕೆನ್ನುವ ಒಕ್ಕಲಿನ ಮಗನೇ ಅತಿಕ್ರಮಿಯಾಗುತ್ತಾನೆ, ಶಾಲೆ ಬೇಕೆನ್ನುವವನು ಸೌಂದರ್ಯ ಕೆಡಿಸುವವನಾಗುತ್ತಾನೆ. ಕುರಿಗಾಗಿ ಒಮ್ಮೆ ಖಾಲಿ ಮಾಡಿದ ನೆಲವನ್ನು ನೋಟಕ್ಕಾಗಿ ಎರಡನೆಯ ಸಲ ಖಾಲಿ ಇಟ್ಟಂತಾಗುತ್ತದೆ. ಹೊಗಳಿಕೆಯಲ್ಲಿ ಹುದುಗಿದ ಸುಳ್ಳು ಎಂದು ನಾನು ಮೊದಲು ಹೇಳಿದ್ದು ಇದನ್ನೇ. ಅದು ಬರಿಯ ಹಿಂದಿನ ಕಾಲದ ಮೇಲಿನ ಸುಳ್ಳಲ್ಲ. ಇಂದು ಅಲ್ಲಿ ಬದುಕುವವರ ಹಕ್ಕಿಗೆ ಕತ್ತರಿ ಹಾಕುವ ಸುಳ್ಳು.

ಹೋಗಬೇಡಿರೆಂದು ನಾನು ಯಾರಿಗೂ ಹೇಳುತ್ತಿಲ್ಲ. ಹೋಗಿ. ಆದರೆ ಸ್ಟ್ರಾತ್‌ನೇವರಿನ ದಾರಿಯಲ್ಲಿ ಮೋಟಾರು ನಿಲ್ಲಿಸಿ ಗುಡ್ಡದ ಓರೆಯನ್ನು ಸ್ವಲ್ಪ ದಿಟ್ಟಿಸಿ ನೋಡಿ. ಹೀದರ್ ಪೊದೆಯ ಕಂದುಬಣ್ಣದ ನಡುವೆ ಅಲ್ಲಲ್ಲಿ ಎಳೆಹಸುರಿನ ಹುಲ್ಲಿನ ತೇಪೆಗಳು ಕಾಣುತ್ತವೆ. ಅವು ತಾವಾಗಿ ಬಂದುವಲ್ಲ. ತಲೆತಲಾಂತರದಿಂದ ಒಕ್ಕಲುಗಳು ಕಲ್ಲು ಆಯ್ದು, ಕೊಟ್ಟಿಗೆಯ ಗೊಬ್ಬರ ಹೊತ್ತು ಹಾಕಿ ಹದ ಮಾಡಿದ ಹೊಲಗಳು ಅವು. ಇನ್ನೂರು ವರ್ಷ ಕಳೆದರೂ ಆ ಮಣ್ಣು ತನಗೆ ಅನ್ನ ಹಾಕಿದವರನ್ನು ಮರೆತಿಲ್ಲ. ಮಣ್ಣಿಗೆ ಇರುವಷ್ಟು ನೆನಪು ಓದುಬರಹ ಬಲ್ಲ ನಮಗೆ ಬೇಡವೆ?